ಮೆದುಳಿನ ಗಡ್ಡೆ: ಕೀವೋ, ಕ್ಯಾನ್ಸರೋ? ಎಂಆರ್‌ಐ ಹೇಳುವುದೇನು?

ಸ್ಕ್ಯಾನ್ ವರದಿಯಲ್ಲಿ ‘ಮೆದುಳಿನಲ್ಲಿ ಗಡ್ಡೆಯಿದೆ’ ಎಂಬ ಮಾತು ಕಂಡೊಡನೆ ರೋಗಿಯ ಮನೆಯವರ ಮನಸ್ಸು ನೇರವಾಗಿ ಕ್ಯಾನ್ಸರ್‌ನತ್ತ ಓಡುತ್ತದೆ. ಆದರೆ ಮೆದುಳಿನ ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ಕೆಲವು ಬರಿಯ ಕೀವಿನ ಶೇಖರಣೆ. ‘ಬ್ರೈನ್ ಆಬ್ಸೆಸ್’ ಎಂದು ವೈದ್ಯರು ಕರೆಯುವ ಈ ಕೀವುಗಡ್ಡೆಯನ್ನು ಸಕಾಲದಲ್ಲಿ ಗುರುತಿಸಿದರೆ ಗುಣಪಡಿಸಲು ಸಾಧ್ಯ. ತಡವಾದರೆ ಕೆಲವೇ ದಿನಗಳಲ್ಲಿ ಪ್ರಾಣಾಪಾಯ ಒದಗಬಹುದು. ಹೀಗಾಗಿ ಎರಡರ ನಡುವಣ ವ್ಯತ್ಯಾಸವನ್ನು ತಿಳಿಯುವುದು ಚಿಕಿತ್ಸೆಯ ಮೊದಲ ಹೆಜ್ಜೆ.

ಕೀವು ಮೆದುಳಿಗೆ ಬರುವುದೆಲ್ಲಿಂದ?

ಬಹುದಿನಗಳಿಂದ ಸೋರುತ್ತಿರುವ ಕಿವಿ, ಸೈನಸ್ ಸೋಂಕು, ಹಲ್ಲಿನ ಬುಡದ ಕೀವು, ತಲೆಗೆ ಬಿದ್ದ ಪೆಟ್ಟು ಇವೆಲ್ಲ ಬ್ಯಾಕ್ಟೀರಿಯಾಗಳಿಗೆ ಮೆದುಳಿನ ದಾರಿ ತೋರಿಸಬಲ್ಲವು. ಹುಟ್ಟಿನಿಂದಲೇ ಹೃದಯದ ದೋಷವಿದ್ದು ಮೈ ನೀಲಿಗಟ್ಟುವ ಮಕ್ಕಳಲ್ಲಿಯೂ ಈ ಅಪಾಯ ಹೆಚ್ಚು. ತಲೆನೋವು, ವಾಂತಿ, ಫಿಟ್ಸ್, ಕೈಕಾಲುಗಳಲ್ಲಿ ಬಲಹೀನತೆ ಇದರ ಲಕ್ಷಣಗಳು. ಕ್ಯಾನ್ಸರ್ ಗಡ್ಡೆಯ ಲಕ್ಷಣಗಳೂ ಇವೇ. ಕೀವಿದ್ದರೆ ಜ್ವರ ಬರಲೇಬೇಕಲ್ಲವೇ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಜ್ವರವೇ ಇರುವುದಿಲ್ಲ.

ಒಂದೇ ಬಗೆಯ ಉಂಗುರ

ಸಾಮಾನ್ಯ ಸ್ಕ್ಯಾನ್ ಕೂಡ ಇಲ್ಲಿ ದಾರಿ ತಪ್ಪಿಸಬಹುದು. ರಕ್ತನಾಳಕ್ಕೆ ಕಾಂಟ್ರಾಸ್ಟ್ ದ್ರವ್ಯವನ್ನು ಚುಚ್ಚಿ ಚಿತ್ರ ತೆಗೆದಾಗ ಕೀವುಗಡ್ಡೆ ಹೊಳೆಯುವ ಉಂಗುರದಂತೆ ಕಾಣುತ್ತದೆ. ಸೋಂಕು ಹರಡದಂತೆ ದೇಹವು ಕೀವಿನ ಸುತ್ತ ಕಟ್ಟಿಕೊಂಡ ಗೋಡೆಯೇ ಆ ಉಂಗುರ. ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಸ್ವರೂಪದ ಕ್ಯಾನ್ಸರ್‌ನಲ್ಲಿ ಮತ್ತು ದೇಹದ ಬೇರೆ ಭಾಗದಿಂದ ಹರಡಿ ಬಂದ ಗಡ್ಡೆಗಳಲ್ಲಿಯೂ ಇಂಥದೇ ಉಂಗುರ ಮೂಡುತ್ತದೆ. ಅತಿವೇಗವಾಗಿ ಬೆಳೆದ ಗಡ್ಡೆಯ ನಡುಭಾಗ ರಕ್ತ ಸಾಲದೆ ಸತ್ತು, ಅಂಚು ಮಾತ್ರ ಜೀವಂತವಾಗಿ ಉಳಿಯುವುದು ಇದಕ್ಕೆ ಕಾರಣ. ಭಾರತದಲ್ಲಿ ಕ್ಷಯದ ಗಂಟು ಹಾಗೂ ಲಾಡಿಹುಳುವಿನ ಮರಿಯಿಂದಾಗುವ ಗುಳ್ಳೆಗಳೂ ಉಂಗುರದಂತೆಯೇ ಕಾಣುವುದರಿಂದ ಗೊಂದಲ ಮತ್ತಷ್ಟು ಹೆಚ್ಚು.

ನೀರಿನ ಚಲನೆಯೇ ಸುಳಿವು

ಈ ಗೊಂದಲ ಬಿಡಿಸಲು ನೆರವಾಗುವುದು ‘ಡಿಫ್ಯೂಷನ್’ ಎಂಬ ಎಂಆರ್‌ಐ ವಿಧಾನ. ಫ್ರಾನ್ಸಿನ ವೈದ್ಯ ವಿಜ್ಞಾನಿ ಡೆನಿ ಲ ಬಿಹಾನ್ 1980ರ ದಶಕದ ಮಧ್ಯಭಾಗದಲ್ಲಿ ಇದಕ್ಕೆ ಬುನಾದಿ ಹಾಕಿದರು. ಅಂಗಾಂಶದೊಳಗೆ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂಬುದನ್ನು ಇದು ಅಳೆಯುತ್ತದೆ. ಕೆಲವೇ ನಿಮಿಷಗಳ ಕೆಲಸ. ವಿಕಿರಣವಿಲ್ಲ, ಇಂಜೆಕ್ಷನ್ನೂ ಬೇಕಿಲ್ಲ.

ಬ್ಯಾಕ್ಟೀರಿಯಾ, ಸತ್ತ ಬಿಳಿರಕ್ತಕಣ ಮತ್ತು ಪ್ರೋಟೀನುಗಳಿಂದ ತುಂಬಿದ ಕೀವು ಮಂದವಾದ ದ್ರವ. ಅದರಲ್ಲಿ ನೀರಿನ ಕಣಗಳು ಕೆಸರಿನಲ್ಲಿ ಸಿಕ್ಕವರಂತೆ ತಡವರಿಸುತ್ತವೆ. ಆದುದರಿಂದ ಉಂಗುರದ ನಡುಭಾಗ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಕ್ಯಾನ್ಸರ್ ಗಡ್ಡೆಯ ಸತ್ತ ನಡುಭಾಗದ ದ್ರವ ಸಾಮಾನ್ಯವಾಗಿ ತೆಳು. ಅಲ್ಲಿ ನೀರು ಸರಾಗವಾಗಿ ಚಲಿಸುವುದರಿಂದ ಆ ಭಾಗ ಕಪ್ಪಾಗಿ ಕಾಣುತ್ತದೆ. ಬಿಳುಪೊಂದನ್ನೇ ನಂಬಿದರೆ ಮೋಸಹೋಗುವ ಸಂಭವವಿರುವುದರಿಂದ, ಚಲನೆಯ ಪ್ರಮಾಣವನ್ನು ತೋರುವ ‘ಎಡಿಸಿ’ ನಕ್ಷೆಯನ್ನೂ ತಜ್ಞರು ಜೊತೆಯಲ್ಲಿಟ್ಟು ನೋಡುತ್ತಾರೆ. ಕೀವಿನ ಭಾಗ ಈ ನಕ್ಷೆಯಲ್ಲಿ ಕಪ್ಪಾಗಿರುತ್ತದೆ.

ಅನುಮಾನ ಉಳಿದರೆ ಇನ್ನೂ ಕೆಲವು ಸಾಕ್ಷಿಗಳುಂಟು. ಗಡ್ಡೆಯೊಳಗಿನ ರಾಸಾಯನಿಕಗಳನ್ನು ಗುರುತಿಸುವ ‘ಸ್ಪೆಕ್ಟ್ರೋಸ್ಕೋಪಿ’ಯಲ್ಲಿ ಕೀವಿದ್ದರೆ ಅಮೈನೋ ಆಮ್ಲಗಳು, ಕೆಲವೊಮ್ಮೆ ಅಸಿಟೇಟ್ ಮತ್ತು ಸಕ್ಸಿನೇಟ್ ಕಾಣಿಸಿಕೊಳ್ಳುತ್ತವೆ; ಕ್ಯಾನ್ಸರ್ ಗಡ್ಡೆಯ ಜೀವಂತ ಅಂಚಿನಲ್ಲಿ ಕೋಲಿನ್ ಹೆಚ್ಚಿರುತ್ತದೆ. ರಕ್ತದ ಹರಿವನ್ನು ಅಳೆಯುವ ‘ಪರ್ಫ್ಯೂಷನ್’ ವಿಧಾನದಲ್ಲಿ ಉಗ್ರ ಕ್ಯಾನ್ಸರ್‌ನ ಅಂಚು ರಕ್ತಸಮೃದ್ಧವಾಗಿಯೂ ಕೀವುಗಡ್ಡೆಯ ಗೋಡೆ ಅಷ್ಟಾಗಿ ಅಲ್ಲದೆಯೂ ತೋರುತ್ತದೆ.

ಅಂತಿಮ ತೀರ್ಪು ಯಾರದು?

ಇಷ್ಟಾದರೂ ಎಂಆರ್‌ಐ ಸರ್ವಜ್ಞನಲ್ಲ. ಶಿಲೀಂಧ್ರದಿಂದಾದ ಅಥವಾ ಆಗಲೇ ಆಂಟಿಬಯೋಟಿಕ್ ನೀಡಿದ ಕೀವುಗಡ್ಡೆ ಬೆಳ್ಳಗೆ ಕಾಣದಿರಬಹುದು. ಹರಡಿದ ಕ್ಯಾನ್ಸರ್‌ನ ಕೆಲವು ಗಡ್ಡೆಗಳು, ರಕ್ತ ಒಸರಿದ ಗಡ್ಡೆಗಳು ಬೆಳ್ಳಗೆ ಕಂಡು ಕೀವಿನ ಭ್ರಮೆ ಹುಟ್ಟಿಸಬಹುದು. ಆದುದರಿಂದ ನರಶಸ್ತ್ರವೈದ್ಯರು ಸೂಜಿಯ ಮೂಲಕ ತೆಗೆದ ಮಾದರಿಯ ಪ್ರಯೋಗಾಲಯ ಪರೀಕ್ಷೆಯೇ ಅಂತಿಮ.

ಹಾಗಾದರೆ ಸ್ಕ್ಯಾನ್‌ನ ಮಹತ್ವವೇನು? ಮೊದಲ ದಿನದ ನಿರ್ಧಾರಗಳು ಅದನ್ನೇ ಅವಲಂಬಿಸಿವೆ. ಕೀವೆಂದಾದರೆ ಅದನ್ನು ಹೀರಿ ತೆಗೆದು, ಸಾಮಾನ್ಯವಾಗಿ 6ರಿಂದ 8 ವಾರಗಳ ಕಾಲ ಆಂಟಿಬಯೋಟಿಕ್ ಕೊಡಲಾಗುತ್ತದೆ. ಕ್ಯಾನ್ಸರ್ ಎಂದಾದರೆ ಶಸ್ತ್ರಚಿಕಿತ್ಸೆ, ವಿಕಿರಣ, ಕೀಮೋಥೆರಪಿಯ ದಾರಿ. ಕ್ಯಾನ್ಸರ್ ಎಂದು ತಪ್ಪಾಗಿ ತಿಳಿದು, ಊತ ಇಳಿಸಲು ಬರಿಯ ಸ್ಟಿರಾಯ್ಡ್ ಕೊಡುತ್ತ ದಿನ ಕಳೆದರೆ ದೇಹದ ರೋಗನಿರೋಧಕ ಶಕ್ತಿ ಕುಗ್ಗಿ ಸೋಂಕಿಗೆ ಬಲ ಬರುತ್ತದೆ. ಕೀವುಗಡ್ಡೆ ಮೆದುಳಿನ ಕುಹರದೊಳಕ್ಕೆ ಒಡೆದರೆ ರೋಗಿಯನ್ನು ಉಳಿಸಿಕೊಳ್ಳುವುದು ಬಲು ಕಷ್ಟ.

ಕಿವಿ ಸೋರುವವರಿಗೆ, ಹೃದಯದ ದೋಷವುಳ್ಳ ಮಕ್ಕಳಿಗೆ ಬಿಡದ ತಲೆನೋವು, ವಾಂತಿ, ಮಂಪರು ಅಥವಾ ಫಿಟ್ಸ್ ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕಿವಿ, ಹಲ್ಲು, ಹೃದಯದ ಹಳೆಯ ತೊಂದರೆಗಳನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು. ಉಂಗುರ ಎಂಥದು ಎಂಬುದನ್ನು ನಿರ್ಧರಿಸುವಾಗ ಚಿತ್ರದಷ್ಟೇ ಆ ಮಾಹಿತಿಯೂ ಮುಖ್ಯ.