ಹಾರುವ ಮೊದಲು ಆಡಬೇಕಾದ ಮಾತು

ರಜೆಯ ದಿನ ಸಂಜೆ ಜುಹೂ ಕಡಲತೀರಕ್ಕೆ ಗಾಳಿಸೇವನೆಗೆಂದು ಹೋಗುವ ಮುಂಬಯಿಯ ನಮ್ಮ ವಾಚಕರು ಒಂದು ದೃಶ್ಯವನ್ನು ಅನೇಕ ಸಲ ಕಂಡಿರಬೇಕು. 1928ರಷ್ಟು ಹಿಂದೆ ಸ್ಥಾಪಿತವಾದ ಅಲ್ಲಿನ ಹಳೆಯ ವಿಮಾನನಿಲ್ದಾಣದ ಕಡೆಯಿಂದ ಹೆಲಿಕಾಪ್ಟರೊಂದು ಗುಡುಗುತ್ತ ಮೇಲೆದ್ದು, ಪಶ್ಚಿಮ ಸಮುದ್ರದತ್ತ ಸಾಗಿ, ಕ್ರಮೇಣ ಚುಕ್ಕೆಯಾಗಿ ಮರೆಯಾಗುತ್ತದೆ. ದಡದಿಂದ ಸುಮಾರು 160 ಕಿಲೋಮೀಟರು ದೂರದಲ್ಲಿ, 1974ರಲ್ಲಿ ಪತ್ತೆಯಾದ ಬಾಂಬೆ ಹೈ ತೈಲಕ್ಷೇತ್ರವಿದೆ. ಅಲ್ಲಿನ ಕಬ್ಬಿಣದ ಅಟ್ಟಗಳ ಮೇಲೆ ದುಡಿಯುವವರನ್ನು ಹೊತ್ತೊಯ್ಯುವ ವಾಹನವಿದು. ಅದರೊಳಗೆ ಕುಳಿತವರೆಲ್ಲರೂ ದೊಡ್ಡ ಅಧಿಕಾರಿಗಳೆಂದು ಭಾವಿಸಬೇಕಾಗಿಲ್ಲ. ಬಾವಿ ಕೊರೆಯುವವರು, ಯಂತ್ರ ನೋಡಿಕೊಳ್ಳುವವರು, ಅಷ್ಟೇ ಏಕೆ, ಅವರಿಗೆಲ್ಲ ಬೇಯಿಸಿ ಬಡಿಸುವ ಅಡುಗೆಯವರೂ ಇರುತ್ತಾರೆ. ಹೀಗೆ ನೋಡಿದರೆ ನಮ್ಮ ಹೋಟೆಲಿನ ವೃತ್ತಿಬಂಧುಗಳೇ ಕೆಲವರು ಆಕಾಶಮಾರ್ಗವಾಗಿ ಕೆಲಸಕ್ಕೆ ಹೋಗಿಬರುತ್ತಾರೆ.

ಹೋದವರು ಬಾರದೆ ಹೋದ ದಿನಗಳೂ ಉಂಟು. 2003ರ ಆಗಸ್ಟ್ 11ರಂದು ಈ ಸಮುದ್ರದಲ್ಲಿ ಹೆಲಿಕಾಪ್ಟರೊಂದು ಬಿದ್ದು 27 ಮಂದಿ ಸತ್ತರು. 2018ರ ಜನವರಿ 13ರಂದು ಏಳು ಮಂದಿ ಹೊರಟರು. ಏಳು ಮಂದಿಯೂ ಮರಳಲಿಲ್ಲ. 2022ರ ಜೂನ್ 28ರಂದು ಒಂಬತ್ತು ಜನರನ್ನು ಹೊತ್ತ ಇನ್ನೊಂದು ಹೆಲಿಕಾಪ್ಟರು ತೈಲದ ಅಟ್ಟದ ಸಮೀಪದಲ್ಲಿಯೇ ನೀರಿಗಿಳಿಯಿತು, ನಾಲ್ವರು ಅಸುನೀಗಿದರು. ಇಂತಹ ಸುದ್ದಿ ಬಂದಾಗ ‘ವಿಧಿಯ ಆಟ’ ಎಂದು ನಿಟ್ಟುಸಿರು ಬಿಡುವುದು ನಮ್ಮ ರೂಢಿ. ಆದರೆ ವಿಧಿಯ ಮೇಲೆ ಹೊರೆ ಹೊರಿಸುವುದಕ್ಕೆ ಮೊದಲು ಮನುಷ್ಯನ ಪಾಲೆಷ್ಟು ಎಂದು ವಿಚಾರಿಸುವುದು ಉಚಿತವೆಂದು ನಮಗೆ ತೋರುತ್ತದೆ.

ಮೊದಲು ಯಂತ್ರದ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಸಾಮಾನ್ಯ ವಿಮಾನದ ರೆಕ್ಕೆ ಸ್ಥಿರವಾಗಿರುತ್ತದೆ. ಹೆಲಿಕಾಪ್ಟರಿಗೆ ತಲೆಯ ಮೇಲೆ ಸುತ್ತುವ ಅಲಗುಗಳೇ ರೆಕ್ಕೆ. ಎಂಜಿನಿನ ಅತಿವೇಗವನ್ನು ತಗ್ಗಿಸಿ ಆ ಅಲಗುಗಳಿಗೆ ಮುಟ್ಟಿಸುವುದು ಗೇರುಪೆಟ್ಟಿಗೆಯ ಕೆಲಸ. ಎಂಜಿನ್ ಒಂದು ಕೆಟ್ಟರೆ ಇನ್ನೊಂದಿದೆ. ಎರಡೂ ನಿಂತರೂ, ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ಅಲಗುಗಳನ್ನು ತಿರುಗಿಸುವುದರಿಂದ, ನುರಿತ ಚಾಲಕನು ಹೇಗೋ ನೆಲಕ್ಕಿಳಿಸಬಲ್ಲನು. ಆದರೆ ಮುಖ್ಯ ಗೇರುಪೆಟ್ಟಿಗೆ ಒಂದೇ ಒಂದು. ಅದು ಒಡೆದರೆ ಎಂತಹ ಚಾಲಕನ ಜಾಣ್ಮೆಯೂ ನಡೆಯದು. ಆದುದರಿಂದ ಹಾರುವವರ ಪ್ರಾಣವು ನೆಲದ ಮೇಲೆ, ಎಣ್ಣೆಮೆತ್ತಿದ ಕೈಗಳಲ್ಲಿ ಸ್ಪ್ಯಾನರು ಹಿಡಿದು ನಿಂತಿರುವವರ ಎಚ್ಚರದಲ್ಲಿದೆ.

ಆ ಎಚ್ಚರ ತಪ್ಪಿದರೆ ಏನಾಗುತ್ತದೆಂಬುದಕ್ಕೆ 2009ನೆಯ ಇಸವಿಯ ಎರಡು ಘಟನೆಗಳನ್ನು ಇಲ್ಲಿ ಹೇಳುತ್ತೇವೆ. ಎರಡೂ ನಮ್ಮ ಬಾಂಬೆ ಹೈಯಂತೆಯೇ ಸಮುದ್ರದ ತೈಲಕ್ಕಾಗಿ ಹಾರಾಡುತ್ತಿದ್ದ ಹೆಲಿಕಾಪ್ಟರುಗಳ ಕಥೆ.

ಮೊದಲನೆಯದು ಸ್ಕಾಟ್ಲೆಂಡಿನದು. ಗೇರುಪೆಟ್ಟಿಗೆಯ ಎಣ್ಣೆಯಲ್ಲಿ ಸವೆದ ಲೋಹದ ಪುಡಿ ಬಂದರೆ ಹಿಡಿದಿಡುವುದಕ್ಕಾಗಿ ಒಂದು ಅಯಸ್ಕಾಂತವನ್ನು ಇಟ್ಟಿರುತ್ತಾರೆ. ಆ ವರ್ಷದ ಮಾರ್ಚ್ 25ರಂದು ಒಂದು ಸೂಪರ್ ಪ್ಯೂಮಾ ಹೆಲಿಕಾಪ್ಟರಿನ ಅಯಸ್ಕಾಂತಕ್ಕೆ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಚೂರೊಂದು ಅಂಟಿಕೊಂಡಿತ್ತು. ಕೆಲಸಗಾರರು ಅದನ್ನು ಕಂಡರು, ಅಲಕ್ಷಿಸಲೂ ಇಲ್ಲ, ತಯಾರಕರೊಡನೆ ಸಮಾಲೋಚಿಸಿದರು. ಆದರೆ ದೂರದಿಂದ ನಡೆದ ಆ ಮಾತುಕತೆಯಲ್ಲಿ ಚೂರಿನ ಗುರುತು ತಪ್ಪಿತು, ಹೇಳಿದ್ದೊಂದು, ತಿಳಿದದ್ದೊಂದಾಯಿತು. ಗೇರುಪೆಟ್ಟಿಗೆಯ ಸಂಬಂಧಪಟ್ಟ ಭಾಗವನ್ನು ಬಿಚ್ಚಿ ನೋಡುವ ಕೆಲಸ ನಡೆಯಲೇ ಇಲ್ಲ. ಯಂತ್ರ ಮತ್ತೆ ಹಾರತೊಡಗಿತು. ಒಂದು ವಾರ ಕಳೆದು ಏಪ್ರಿಲ್ 1ರಂದು ಸಮುದ್ರದಿಂದ ಹಿಂದಿರುಗುವಾಗ ಒಳಗಿನ ಹಲ್ಲುಚಕ್ರವೊಂದು ಸೀಳಿ, ಅಲಗುಗಳೇ ಕಳಚಿಹೋದವು. ಅದರಲ್ಲಿದ್ದ 16 ಮಂದಿಯೂ ಸತ್ತರು.

ಎರಡನೆಯದು ಅದೇ ಮಾರ್ಚ್ 12ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ತೀರದಲ್ಲಿ ಸಂಭವಿಸಿತು. ಎಸ್-92 ಎಂಬ ಹೆಲಿಕಾಪ್ಟರಿನ ಗೇರುಪೆಟ್ಟಿಗೆಗೆ ಎಣ್ಣೆ ಸೋಸುವ ಬಟ್ಟಲೊಂದನ್ನು ಟೈಟಾನಿಯಮ್ ಲೋಹದ ಮೂರು ತಿರುಪುಗೂಟಗಳಿಂದ ಬಿಗಿದಿದ್ದರು. ಗೂಟಗಳು ಮುರಿದವು, ಎಣ್ಣೆಯೆಲ್ಲ ಸುರಿದುಹೋಯಿತು. ಎಚ್ಚರಿಕೆಯ ದೀಪ ಹತ್ತಿದ ಸುಮಾರು 11 ನಿಮಿಷಗಳಲ್ಲಿ ಯಂತ್ರ ಸಮುದ್ರದ ಪಾಲಾಯಿತು. 18 ಮಂದಿಯಲ್ಲಿ ಉಳಿದವನು ಒಬ್ಬನೇ. ಇದಕ್ಕಿಂತ ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ಇಂತಹುದೇ ಗೂಟಗಳು ಹಿಂದಿನ ವರ್ಷ ಆಸ್ಟ್ರೇಲಿಯಾದಲ್ಲಿ ಮುರಿದಿದ್ದವು. ಆಗ ಅದೃಷ್ಟವಶಾತ್ ಎಲ್ಲರೂ ಉಳಿದಿದ್ದರು. ಅವುಗಳ ಬದಲಿಗೆ ಉಕ್ಕಿನವನ್ನು ಹಾಕಬೇಕೆಂಬ ಸೂಚನೆ ಜನವರಿಯಲ್ಲಿಯೇ ಹೊರಟಿತ್ತು. ಆದರೆ ಅದಕ್ಕೆ ಒಂದು ವರ್ಷದವರೆಗೆ ಅವಕಾಶ ಕೊಟ್ಟಿದ್ದರು! ದುರಂತವಾದ ಮೇಲೆ, ಉಕ್ಕಿನ ಗೂಟ ಹಾಕದೆ ಹಾರಕೂಡದೆಂಬ ಆಜ್ಞೆ ಹೊರಡಲು ಎರಡು ವಾರವೂ ಹಿಡಿಯಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಉದಾಹರಣೆ ಬೇಕೆ?

ಈ ಎರಡು ಘಟನೆಗಳಲ್ಲಿಯೂ ದುಷ್ಟರು ಯಾರೂ ಇಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಯಂತ್ರವು ಮುಂಚಿತವಾಗಿಯೇ ತನ್ನ ಮಾತನ್ನು ಆಡಿತ್ತು. ಒಂದೆಡೆ ಆ ಮಾತು ತಪ್ಪಾಗಿ ಅರ್ಥವಾಯಿತು. ಇನ್ನೊಂದೆಡೆ ಅರ್ಥವಾದರೂ ಅವಸರದ್ದೆಂದು ತೋರಲಿಲ್ಲ. ಆದುದರಿಂದಲೇ ಈಗ ಬಲ್ಲವರು ‘ಸುರಕ್ಷತೆಯ ಸಂಸ್ಕೃತಿ’ ಎಂಬ ಮಾತನ್ನು ಬಳಸುತ್ತಾರೆ. ಸಂಸ್ಕೃತಿಯೆಂದರೆ ಗೋಡೆಗೆ ತೂಗುಹಾಕಿದ ಫಲಕವಲ್ಲ. ಯಾರೂ ನೋಡದಿರುವಾಗ ಮನುಷ್ಯ ಏನು ಮಾಡುತ್ತಾನೆಂಬುದೇ ಅದು.

ಕಾರ್ಯತಃ ಅದು ಸಣ್ಣಸಣ್ಣ ನೇಮಗಳ ಸಮೂಹ. ಕೆಲಸ ಮುಗಿದೊಡನೆ ಉಪಕರಣಗಳನ್ನು ಎಣಿಸಬೇಕು. ಒಂದು ಕಡಮೆಯಾದರೂ ಅದು ಸಿಗುವವರೆಗೆ ಯಂತ್ರ ಕದಲಬಾರದು. ಪ್ರಾಣಕ್ಕೆ ಸಂಬಂಧಪಟ್ಟ ಭಾಗವನ್ನು ಒಬ್ಬನು ಬಿಗಿದರೆ, ಬೇರೊಬ್ಬನು ಸ್ವಂತ ಕಣ್ಣಿನಿಂದ ಪರೀಕ್ಷಿಸಿ ಸಹಿ ಹಾಕಬೇಕು. ಗೆಳೆಯನ ಮೇಲಿನ ವಿಶ್ವಾಸದಿಂದ ನೋಡದೆ ಹಾಕಿದ ಸಹಿ ಸ್ನೇಹವಲ್ಲ, ದ್ರೋಹ. ರಾತ್ರಿಪಾಳಿಯವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಬೆಳಗಿನ ಪಾಳಿಯವನಿಗೆ ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಒಪ್ಪಿಸಬೇಕು. ಮೋಡ ಕವಿದಾಗ ‘ಇಂದು ಹಾರಲಾರೆ’ ಎಂದ ಚಾಲಕನನ್ನು ಹೇಡಿಯೆಂದು ಹಂಗಿಸಕೂಡದು.

ಇವೆಲ್ಲಕ್ಕೂ ತಳಹದಿಯಾದುದು ನಿರ್ಭಯವಾಗಿ ತಪ್ಪೊಪ್ಪಿಕೊಳ್ಳುವ ಅವಕಾಶ. ಅಮೆರಿಕದಲ್ಲಿ 1976ರಿಂದ ಒಂದು ಏರ್ಪಾಡಿದೆ. ಚಾಲಕರೂ ಯಂತ್ರಕರ್ಮಿಗಳೂ ತಮ್ಮಿಂದಾದ ಅಥವಾ ತಾವು ಕಂಡ ತಪ್ಪನ್ನು ಬರೆದು ನಾಸಾ ಸಂಸ್ಥೆಗೆ ಕಳುಹಿಸಬಹುದು. ಬರೆದವನ ಹೆಸರನ್ನು ಅಳಿಸಿ, ಪಾಠವನ್ನು ಮಾತ್ರ ಎಲ್ಲರಿಗೂ ಹಂಚುತ್ತಾರೆ. ಇದರ ಅರ್ಥ ತಪ್ಪಿತಸ್ಥರಿಗೆಲ್ಲ ಕ್ಷಮೆಯೆಂದಲ್ಲ. ತಿಳಿದೂ ತಿಳಿದೂ ನಿಯಮ ಮುರಿದವನು ಶಿಕ್ಷಾರ್ಹನೇ. ಕೈತಪ್ಪಿ ನಡೆದುದನ್ನು ತಾನಾಗಿ ಬಂದು ಹೇಳಿದವನನ್ನು ಶಿಕ್ಷಿಸಿದರೆ ಮಾತ್ರ, ನಾಳೆಯಿಂದ ಯಾರೂ ಬಂದು ಹೇಳುವುದಿಲ್ಲ. ತಪ್ಪುಗಳು ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತವೆ, ಅಷ್ಟೆ.

ಇದು ನಮಗೆ ಅಪರಿಚಿತವಾದ ವಿಷಯವೇ? ಹೊಸದಾಗಿ ಸೇರಿದ ಸಪ್ಲೈಯರ್ ಒಬ್ಬನು ಬೆಳಗಿನ ನೂಕುನುಗ್ಗಲಿನ ಹೊತ್ತಿಗೆ, “ಭಟ್ರೇ, ಗ್ಯಾಸಿನ ವಾಸನೆ ಬರುತ್ತಿದೆ” ಎನ್ನುತ್ತಾನೆ. “ಗಿರಾಕಿಗಳು ಕಾಯುತ್ತಿದ್ದಾರೆ, ನಿನ್ನ ಕೆಲಸ ನೀನು ನೋಡಿಕೋ” ಎಂಬ ಉತ್ತರ ಬಂದರೆ ಅವನು ಮತ್ತೊಮ್ಮೆ ಬಾಯಿಬಿಟ್ಟಾನೆಯೆ? ಕಚೇರಿಯ ಗುಮಾಸ್ತನು ತನ್ನ ಲೆಕ್ಕದ ತಪ್ಪನ್ನು ತಾನೇ ಕಂಡುಹಿಡಿದು ಹೆಡ್‌ಕ್ಲಾರ್ಕರ ಮುಂದಿಟ್ಟಾಗ ಹತ್ತು ಜನರೆದುರು ಬೈಗುಳವೇ ದೊರೆತರೆ, ಮುಂದಿನ ತಪ್ಪು ಪುಸ್ತಕದಲ್ಲಿಯೇ ಹೂತುಹೋಗುತ್ತದೆ. ಅಡುಗೆಮನೆಗೂ ಹ್ಯಾಂಗರಿಗೂ ಇರುವ ನೀತಿ ಒಂದೇ. ತೆರಬೇಕಾದ ಬೆಲೆಯೂ ಕೆಲವೊಮ್ಮೆ ಒಂದೇ.

ಕನ್ನಡನಾಡಿಗೆ ಈ ವಿಚಾರದಲ್ಲಿ ವಿಶೇಷ ಹೊಣೆಯುಂಟು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದುಸ್ತಾನ್ ಸಂಸ್ಥೆಯು ಚೇತಕ್, ಚೀತಾ, ಧ್ರುವಗಳನ್ನು ನಿರ್ಮಿಸಿತು. 2023ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಅದರ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾದಳದ ಧ್ರುವವೊಂದು ಬಿದ್ದು ಮೂವರು ಪ್ರಾಣ ತೆತ್ತಾಗ, ದೇಶದ ಧ್ರುವಗಳನ್ನು ತಿಂಗಳುಗಟ್ಟಲೆ ನೆಲದಲ್ಲಿಯೇ ನಿಲ್ಲಿಸಿದರು. ಸ್ವಂತ ನಾಡಿನ ಹೆಮ್ಮೆಯ ಯಂತ್ರವನ್ನು ನಿಲ್ಲಿಸುವುದು ಸುಲಭದ ಮಾತಲ್ಲ. ಆದರೆ ಕಾರಣ ತಿಳಿಯುವವರೆಗೆ ಹಾರದಿರುವುದು ಅವಮಾನವಲ್ಲ. ಅಂತಹ ವಿವೇಕವು ಮೂವರು ಹೋಗುವುದಕ್ಕೆ ಮೊದಲೇ, ಒಂದು ಚೂರು ಲೋಹ ಕಂಡಾಗಲೇ ಮೂಡುವಂತಾಗಬೇಕೆಂಬುದಷ್ಟೇ ನಮ್ಮ ಆಶಯ.

ಮುಂದಿನ ಸಲ ಜುಹೂವಿನಲ್ಲಿ ಆ ಗುಡುಗು ಕೇಳಿದಾಗ ವಾಚಕರು ಒಂದು ಕ್ಷಣ ತಲೆಯೆತ್ತಿ ನೋಡಲಿ. ನಿನ್ನೆ ರಾತ್ರಿ ಆ ಯಂತ್ರದ ಕೆಳಗೆ ಟಾರ್ಚು ಹಿಡಿದು ಮಲಗಿದ್ದ ಒಬ್ಬನು “ಇದು ಸರಿಯಿಲ್ಲ” ಎಂದಿರಬಹುದು. ಅವನ ಮೇಲಿನವನು ಗಡಿಯಾರ ನೋಡದೆ, “ಹಾಗಾದರೆ ಬಿಚ್ಚಿ ನೋಡೋಣ” ಎಂದಿರಬಹುದು. ಅದರೊಳಗೆ ಕುಳಿತ ಅಡುಗೆಯವನು ಹದಿನೈದು ದಿನಗಳ ಪಾಳಿ ಮುಗಿಸಿ ಮನೆಗೆ ಮರಳುವುದು ಆ ಎರಡು ಮಾತುಗಳ ಬಲದಿಂದ.