ಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲನೆ: ಅಮೆರಿಕದ ಚರ್ಚೆ ಏನು?

ರಾಜ್ಯಶಾಸ್ತ್ರದ ತರಗತಿಯಲ್ಲಿ ಅಮೆರಿಕದ ಸಂವಿಧಾನದ ಮಾತು ಬಂದಾಗ ನಾನು ಎದ್ದು, "ಸರ್, ಅಲ್ಲಿ ತರಕಾರಿ ತಂದ ಹಾಗೆ ಅಂಗಡಿಯಿಂದ ಬಂದೂಕು ತರಬಹುದಂತೆ" ಎಂದೆ. ಸರ್ ನಕ್ಕು, "ಅರ್ಧ ಸರಿ. ಉಳಿದರ್ಧ ಓದಿಕೊಂಡು ಬಾ" ಎಂದರು. ಓದಿ ತಿಳಿದದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಸಾಮಾನ್ಯವಾಗಿ ಮೊದಲು ಲೈಸೆನ್ಸ್ ಪಡೆಯಬೇಕು. ಅದಕ್ಕೆ ಪೊಲೀಸ್ ವರದಿ ಬೇಕು. ಅಮೆರಿಕದಲ್ಲಿ ಶಸ್ತ್ರ ಹೊಂದುವುದು 1791ರ ಎರಡನೇ ತಿದ್ದುಪಡಿಯಿಂದ ಬಂದ ಹಕ್ಕು. ಹಾಗಾಗಿ ಅಲ್ಲಿನ ಕೇಂದ್ರ ಕಾನೂನು ಯಾರಿಗೆ ಬಂದೂಕು ಕೊಡಬಾರದು ಎಂಬುದನ್ನಷ್ಟೇ ಪಟ್ಟಿ ಮಾಡುತ್ತದೆ: ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರು, ಕೌಟುಂಬಿಕ ಹಿಂಸೆಯ ಅಪರಾಧಿಗಳು, ಇನ್ನೂ ಕೆಲವರು.

1981ರಲ್ಲಿ ಅಧ್ಯಕ್ಷ ರೇಗನ್ ಮೇಲೆ ಗುಂಡಿನ ದಾಳಿ ನಡೆದಾಗ ಅವರ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರಾಡಿ ತಲೆಗೆ ಗುಂಡು ತಗುಲಿ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದರು. 1993ರಲ್ಲಿ ಅವರ ಹೆಸರಿನಲ್ಲೇ ಕಾಯ್ದೆ ಬಂತು. 1998ರಿಂದ ಎಫ್‌ಬಿಐ ನಡೆಸುವ ಕಂಪ್ಯೂಟರ್ ವ್ಯವಸ್ಥೆಯಿದೆ. ಗ್ರಾಹಕ ಫಾರಂ ತುಂಬುತ್ತಾನೆ, ಅಂಗಡಿಯವನು ಹೆಸರು ಕಳಿಸುತ್ತಾನೆ, ಹೆಚ್ಚಾಗಿ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ.

ಹಾಗಾದರೆ ಜಗಳವೇಕೆ? ಈ ನಿಯಮ ಲೈಸೆನ್ಸ್ ಇರುವ ವ್ಯಾಪಾರಿಗಳಿಗೆ ಮಾತ್ರ. ಒಬ್ಬ ಸಾಮಾನ್ಯ ವ್ಯಕ್ತಿ ತನ್ನ ಬಂದೂಕನ್ನು ಅದೇ ರಾಜ್ಯದ ಇನ್ನೊಬ್ಬನಿಗೆ ಮಾರಿದರೆ ಕೇಂದ್ರ ಕಾನೂನು ಪರಿಶೀಲನೆ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ಮಾತ್ರ ಕೇಳುತ್ತವೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಯಿತು ಎನ್ನುತ್ತಾರೆ ಪರಿಶೀಲನೆಯ ಪರವಾಗಿರುವವರು. ಅಪರಾಧಿಗಳು ಹೇಗೂ ಕದ್ದ ಬಂದೂಕು ಹುಡುಕಿಕೊಳ್ಳುತ್ತಾರೆ, ತೊಂದರೆ ಪ್ರಾಮಾಣಿಕರಿಗೇ. ಇಂದು ಪರಿಶೀಲನೆ ಎಂದವರು ನಾಳೆ ಎಲ್ಲ ಬಂದೂಕುದಾರರ ಪಟ್ಟಿ ಮಾಡುತ್ತಾರೆ ಎನ್ನುತ್ತಾರೆ ವಿರೋಧಿಗಳು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು 6 ಸಿಬ್ಬಂದಿ ಹತರಾದ ನಂತರ ಬಂದೂಕು ಮೇಳ ಮತ್ತು ಅಂತರ್ಜಾಲದ ಖಾಸಗಿ ಮಾರಾಟಕ್ಕೂ ಪರಿಶೀಲನೆ ತರುವ ಪ್ರಸ್ತಾವ ಸೆನೆಟ್‌ಗೆ ಬಂತು. 54 ಮತ ಬಿದ್ದವು, ಬೇಕಾಗಿದ್ದದ್ದು 60.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ನಿಯಮ. ಮೂರು ಕೆಲಸದ ದಿನಗಳಲ್ಲಿ ಉತ್ತರ ಬರದಿದ್ದರೆ ಅಂಗಡಿಯವನು ಬಂದೂಕು ಕೊಟ್ಟುಬಿಡಬಹುದು. 2015ರಲ್ಲಿ ಚಾರ್ಲ್ಸ್‌ಟನ್‌ನ ಕಪ್ಪುಜನರ ಚರ್ಚ್ ಒಂದರಲ್ಲಿ ಬೈಬಲ್ ಅಧ್ಯಯನಕ್ಕೆ ಸೇರಿದ್ದ 9 ಜನರನ್ನು ಕೊಂದ ಯುವಕ ಹೀಗೆಯೇ ಪಿಸ್ತೂಲು ಪಡೆದಿದ್ದ. ಅವನ ಮಾದಕವಸ್ತು ಪ್ರಕರಣ ಪೊಲೀಸ್ ದಾಖಲೆಯಲ್ಲಿತ್ತು. ಆದರೆ ಅದು ಯಾವ ಠಾಣೆಯದು ಎಂಬ ವಿವರ ತಪ್ಪಾಗಿ ನಮೂದಾಗಿ, ಹುಡುಕಾಟದಲ್ಲೇ ಗಡುವು ಮುಗಿಯಿತು. ಆ ವ್ಯಾಪಾರ ಆಗಬಾರದಿತ್ತು ಎಂದು ಎಫ್‌ಬಿಐ ಮುಖ್ಯಸ್ಥರೇ ಒಪ್ಪಿಕೊಂಡರು. 2022ರ ಕಾಯ್ದೆಯಲ್ಲಿ 21 ವರ್ಷದೊಳಗಿನವರ ವಿಷಯದಲ್ಲಿ, ಅನುಮಾನವಿದ್ದರೆ, ಗಡುವನ್ನು 10 ದಿನಕ್ಕೆ ಹೆಚ್ಚಿಸಲಾಯಿತು. ಉಳಿದವರಿಗೆ ಮೂರೇ ದಿನ.

ಸರ್‌ಗೆ ಈಗ ನನ್ನ ಉತ್ತರ ಇದು: ಅಲ್ಲಿ ಪರಿಶೀಲನೆ ಇದೆ. ಆದರೆ ಯಾವುದೋ ಕಚೇರಿಯಲ್ಲಿ ಯಾರೋ ಸರಿಯಾಗಿ ಬರೆದು ಸಕಾಲಕ್ಕೆ ಕಳಿಸಿದರೆ ಮಾತ್ರ ಅದು ಜೀವ ಉಳಿಸುತ್ತದೆ.