ಅಬ್ಬಿಯಿಂದ ಹಿನ್ನೀರಿನವರೆಗೆ

ಜಲಪಾತ ಎಂಬುದು ಪುಸ್ತಕದ ಮಾತು. ಮಲೆನಾಡಿನ ಹಳ್ಳಿಗರ ಬಾಯಲ್ಲಿ ಅದು ಅಬ್ಬಿ. ತಮಿಳಿನ ಅರುವಿ, ತುಳುವಿನ ಅರ್ಬಿ ಎಲ್ಲವೂ ಈ ಬಳಗದ ಪದಗಳೇ. ‘ಅಬ್ಬಿ ಜಲಪಾತ’ ಎನ್ನುವುದು ‘ಗೇಟು ಬಾಗಿಲು’ ಎಂದಂತೆಯೇ ಸರಿ. ನೀರು ಬೀಳುವ ಜಾಗಗಳಿಗೆ ಈ ಸೀಮೆಯಲ್ಲಿ ಸಿಗುವ ಇನ್ನೊಂದು ಹೆಸರು ಗುಂಡಿ. ಆಗುಂಬೆಯ ಬಳಿ ಜೋಗಿಗುಂಡಿ, ಕುದುರೆಮುಖದ ದಾರಿಯಲ್ಲಿ ಹನುಮನಗುಂಡಿ. ಹೊರಗಿನವರು ನೀರು ಎಷ್ಟು ಎತ್ತರದಿಂದ ಬೀಳುತ್ತದೆಂದು ಕೇಳುತ್ತಾರೆ. ಗುಂಡಿ ಎಂಬ ಹೆಸರಾದರೋ ಅದು ಬಿದ್ದ ಜಾಗದ ಆಳವನ್ನು ಹೇಳುತ್ತದೆ. ಈ ವ್ಯತ್ಯಾಸವನ್ನು ಮರೆತವರಿಗೆ ಎಷ್ಟೋ ಸಲ ಪ್ರವಾಸವೇ ದುರಂತವಾಗಿದೆ.

ಶಿವಮೊಗ್ಗ, ಉಡುಪಿ, ಮಂಗಳೂರು, ಚಿಕ್ಕಮಗಳೂರುಗಳಿಂದ ಬೆಳಿಗ್ಗೆ ಹೊರಟರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯನ್ನು ಒಂದೇ ದಿನದಲ್ಲಿ ಸುತ್ತಿ ಮರಳಬಹುದು. ವಾರದ ಕೊನೆಯಲ್ಲಿ ಹಾಗೆ ಬರುವ ವಾಹನಗಳಿಗೆ ಲೆಕ್ಕವಿಲ್ಲ. ಆದರೆ ಸಿರಿಮನೆಯಲ್ಲಿ ಅರ್ಧ ಗಂಟೆ ನಿಂತು, ಫೋಟೊ ತೆಗೆಸಿಕೊಂಡು ಹೊರಡುವವರಲ್ಲಿ ಒಂದು ಪ್ರಶ್ನೆ ಏಳುವುದು ಅಪರೂಪ. ಪಶ್ಚಿಮದ ಅಂಚಿನಲ್ಲಿ ಇಷ್ಟೊಂದು ಅಬ್ಬಿಗಳಿರುವಾಗ, ಪೂರ್ವಕ್ಕೆ ಒಂದೆರಡು ಗಂಟೆಯ ಪ್ರಯಾಣದಷ್ಟು ದೂರದ ನರಸಿಂಹರಾಜಪುರದಲ್ಲಿ ನೀರು ಕಡಲಿನಂತೆ ಸುಮ್ಮನೆ ನಿಂತಿರುವುದೇಕೆ?

ಓರೆಯಾಗಿಟ್ಟ ಮೊರ

ಕಾಳು ಹರವಿದ ಮೊರವನ್ನು ಓರೆಯಾಗಿ ಇಟ್ಟಂತೆ ನಮ್ಮ ಪ್ರಸ್ಥಭೂಮಿ ಇದೆ. ಎತ್ತಿದ ಅಂಚು ಪಶ್ಚಿಮಕ್ಕೆ, ತಗ್ಗಿದ ಅಂಚು ಪೂರ್ವಕ್ಕೆ. ಎತ್ತಿದ ಅಂಚಿನ ಆಚೆಗೆ ಕರಾವಳಿಯ ಪ್ರಪಾತ. ಕಡಲಿನಿಂದ ಬರುವ ಮುಂಗಾರು ಮೋಡ ಮೊದಲು ಬಂದು ತಾಗುವುದು ಈ ಅಂಚಿಗೇ. ಅದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಶೃಂಗೇರಿ, ಕೊಪ್ಪ ದಾಟುತ್ತ ಹೋದಂತೆ ಮಳೆ ಇಳಿಯುತ್ತದೆ. ಅದೇ ಜಿಲ್ಲೆಯ ಕಡೂರು ತಲುಪುವ ಹೊತ್ತಿಗೆ ಬಯಲುಸೀಮೆಯ ಬರವೇ ಎದುರಾಗುತ್ತದೆ.

ಈ ಅಂಚಿನಲ್ಲಿ, ಕಿಗ್ಗದ ಮೇಲೆ ನಿಂತಿರುವುದು ನರಸಿಂಹ ಪರ್ವತ. ಸೀತಾನದಿ ಹುಟ್ಟುವುದು ಇಲ್ಲಿಯೇ. ಅದು ಪಶ್ಚಿಮಕ್ಕೆ ಹೊರಳಿ, ಬರ್ಕಣದಲ್ಲಿ ಸುಮಾರು 260 ಮೀಟರ್ ಕೆಳಕ್ಕೆ ಧುಮುಕಿ, ಹೆಬ್ರಿ, ಬಾರ್ಕೂರುಗಳ ಕಡೆಯಿಂದ ಅರಬ್ಬೀ ಸಮುದ್ರ ಸೇರುತ್ತದೆ. ಬೆಟ್ಟದ ಪೂರ್ವಕ್ಕೆ ಬಿದ್ದ ಮಳೆಯ ಪಾಲಿಗೆ ತುಂಗೆಯ ಕಣಿವೆ. ಶೃಂಗೇರಿ ಸಮುದ್ರಮಟ್ಟದಿಂದ ಸುಮಾರು 670 ಮೀಟರ್ ಎತ್ತರದಲ್ಲಿದ್ದರೆ ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ. ಅಂದರೆ ಎರಡು ಊರುಗಳ ನಡುವೆ, ನೂರು ಕಿಲೋಮೀಟರಿನಷ್ಟು ದಾರಿಯಲ್ಲಿ ತುಂಗೆ ಇಳಿಯುವುದು ನೂರೇ ಮೀಟರು. ಬರ್ಕಣದಲ್ಲಿ ಸೀತೆ ಅದರ ಎರಡೂವರೆ ಪಟ್ಟು ಎತ್ತರವನ್ನು ಒಂದೇ ಕಡೆ ಕಳೆದುಕೊಳ್ಳುತ್ತಾಳೆ. ತುಂಗೆ ಶೃಂಗೇರಿಯ ಮೀನುಗಳಿಗೆ ಮಡುವಾಗಿ, ಹರಿಹರಪುರದ ಮಠದ ಪಕ್ಕದಲ್ಲಿ ಸೌಮ್ಯಳಾಗಿ ಹರಿಯುವುದರ ಗುಟ್ಟು ಇದೇ. ಅವಳು ಮುಂದೆ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ, ಆಮೇಲೆ ಕೃಷ್ಣೆಯನ್ನು ಸೇರಿ, ಬಂಗಾಳ ಕೊಲ್ಲಿಯವರೆಗೆ ನಡೆಯಬೇಕು. ಒಂದೇ ಮೋಡದ ಎರಡು ಹನಿಗಳು ಬೆಟ್ಟದ ನೆತ್ತಿಯ ಅತ್ತ ಇತ್ತ ಬಿದ್ದ ಮಾತ್ರಕ್ಕೆ ಎರಡು ಬೇರೆ ಕಡಲುಗಳ ಪಾಲಾಗುತ್ತವೆ.

ಹಾಗಾದರೆ ಸಿರಿಮನೆ? ಅದು ಘಟ್ಟದಂಚಿನ ಪ್ರಪಾತವಲ್ಲ. ಪಕ್ಕದ ಬೆಟ್ಟಸಾಲಿನಿಂದ ತುಂಗೆಯ ಕಣಿವೆಗೆ ಇಳಿಯುವ ಹಳ್ಳ. ಎತ್ತರ ಸುಮಾರು ನಲವತ್ತು ಅಡಿಯಷ್ಟೇ. ಶೃಂಗೇರಿಯಿಂದ ಹತ್ತು ಕಿಲೋಮೀಟರ್ ದೂರದ ಕಿಗ್ಗ ದಾಟಿ, ಇನ್ನು ನಾಲ್ಕೈದು ಕಿಲೋಮೀಟರ್ ಕಾಫಿ ತೋಟಗಳ ನಡುವೆ ಹೋದರೆ ಅಲ್ಲಿಗೆ ತಲುಪಬಹುದು.

ಕಿಗ್ಗದಲ್ಲಿ ಇಳಿಯದೆ ಮುಂದೆ ಹೋಗಬಾರದು. ಇಲ್ಲಿನ ದೇವರು ಋಷ್ಯಶೃಂಗೇಶ್ವರ. ಮಳೆಯಿಲ್ಲದೆ ಕಂಗೆಟ್ಟ ಅಂಗದೇಶಕ್ಕೆ ಋಷ್ಯಶೃಂಗ ಕಾಲಿಟ್ಟೊಡನೆ ಮಳೆ ಸುರಿಯಿತು ಎಂಬುದು ರಾಮಾಯಣದ ಕಥೆ. ಶೃಂಗೇರಿಯ ಹೆಸರಿಗೂ ಈ ಋಷಿಯೇ ಮೂಲ ಎನ್ನುತ್ತಾರೆ. ಬರ ಬಂದರೆ ಮಳೆಗಾಗಿ, ಅತಿವೃಷ್ಟಿಯಾದರೆ ಮಳೆ ತಗ್ಗಲೆಂದು ಜನ ಇಲ್ಲಿಗೆ ಹರಕೆ ಹೊರುತ್ತಾರೆ. ಬರಗಾಲದ ವರ್ಷಗಳಲ್ಲಿ ಸರ್ಕಾರದ ಪರವಾಗಿಯೂ ಇಲ್ಲಿ ಪೂಜೆ ನಡೆದದ್ದುಂಟು. ಎರಡು ಕಡಲುಗಳಿಗೆ ಮಳೆ ಹಂಚುವ ಬೆಟ್ಟದ ಬುಡದಲ್ಲಿಯೇ ಮಳೆಯ ದೇವರು ನೆಲೆಸಿರುವುದು ಹಿರಿಯರ ಕಣ್ಣಳತೆಗೆ ಸಾಕ್ಷಿಯಂತಿದೆ.

ಯಾವಾಗ, ಹೇಗೆ

ಆಷಾಢ, ಶ್ರಾವಣಗಳಲ್ಲಿ ಅಬ್ಬಿಗಳ ಆರ್ಭಟ ನೋಡಲು ಚಂದ, ಹತ್ತಿರ ಹೋಗಲು ಅಲ್ಲ. ನಾವು ನಿಂತಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಸುರಿದ ಮಳೆ ನಿಮಿಷಗಳಲ್ಲಿ ಹಳ್ಳವನ್ನು ಏರಿಸಬಲ್ಲುದು. ತಿಳಿಯಾಗಿದ್ದ ನೀರು ಕೆಂಪಾಗತೊಡಗಿದರೆ, ಎಲೆ ಕಡ್ಡಿಗಳು ತೇಲಿಬಂದರೆ ಆ ಕ್ಷಣವೇ ದಡ ಸೇರಬೇಕು. ನೀರು ಬಿದ್ದೂ ಬಿದ್ದೂ ಬುಡದ ಬಂಡೆಯನ್ನು ಕೊರೆದಿರುತ್ತದೆ. ಈಜು ಬಲ್ಲವರನ್ನೂ ಸುಳಿ ಬಿಡುವುದಿಲ್ಲ. ಅಂಚಿನ ಬಂಡೆಗಳ ಮೇಲಿನ ಪಾಚಿ ಕಣ್ಣಿಗೆ ಕಾಣದಷ್ಟು ತೆಳುವಾಗಿರುತ್ತದೆ. ಮಳೆ ಹಿಂತೆಗೆದ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ದಿನಗಳು ಎಲ್ಲ ರೀತಿಯಲ್ಲೂ ಒಳ್ಳೆಯವು.

ಮಳೆಗಾಲದ ಪ್ರವಾಸಿಗರು ಇಂಬಳಗಳಿಗೆ ಹೆದರುವುದುಂಟು. ಅವು ಒಂದಿಷ್ಟು ರಕ್ತ ಕುಡಿದು ಉದುರುತ್ತವೆ, ಅಷ್ಟೇ. ನಿಜವಾಗಿ ಎಚ್ಚರ ಬೇಕಾದದ್ದು ಜನವರಿಯಿಂದ ಮೇವರೆಗಿನ ಒಣ ದಿನಗಳಲ್ಲಿ, ತರಗೆಲೆಗಳ ನಡುವಿನ ಉಣುಗುಗಳ ಬಗ್ಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ, ಮತ್ತು ಈ ಮೂರು ತಾಲ್ಲೂಕುಗಳೂ ಅದರಿಂದ ಹೊರತಲ್ಲ. ಮಂಗ ಸತ್ತ ಸುದ್ದಿ ಇದ್ದ ಕಾಡಿಗೆ ಕಾಲಿಡಬಾರದು. ಕಾಡು ಸುತ್ತಿ ಬಂದವರಿಗೆ ಜ್ವರ ಬಂದರೆ ಆ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. ಬರ್ಕಣ, ನರಸಿಂಹ ಪರ್ವತದಂಥ ಕಡೆಗೆ ನಡೆಯುವವರು ಅರಣ್ಯ ಇಲಾಖೆಯ ಅನುಮತಿ ಇದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು.

ಅಬ್ಬಿಯ ಮೇಲೇನಿದೆ?

ಮಳೆ ನಿಂತು ತಿಂಗಳುಗಳಾದ ಮೇಲೂ ಹಳ್ಳಗಳಲ್ಲಿ ನೀರಿರುವುದು ಹೇಗೆ? ಉತ್ತರ ಅಬ್ಬಿಯ ಬುಡದಲ್ಲಿಲ್ಲ, ನೆತ್ತಿಯ ಮೇಲಿದೆ. ಅಲ್ಲಿನ ಶೋಲಾ ಕಾಡು, ಹುಲ್ಲುಗಾವಲುಗಳು ಮಳೆಯನ್ನು ಹೀರಿಕೊಂಡು ತಿಂಗಳುಗಟ್ಟಲೆ ಸೋಸುತ್ತ ಬಿಡುತ್ತವೆ. ಕೊಪ್ಪದ ಬಳಿ ಕೆಸವೆಯ ಕಮಂಡಲ ಗಣಪತಿ ಕ್ಷೇತ್ರದಲ್ಲಿ ಕಲ್ಲಿನ ಕಮಲದ ನಡುವಿನಿಂದ ಬ್ರಾಹ್ಮೀ ತೀರ್ಥ ಉಕ್ಕುವುದನ್ನು ಭಕ್ತರು ಪವಾಡವೆಂದು ಕೈಮುಗಿಯುತ್ತಾರೆ. ಬೆಟ್ಟ ಕುಡಿದಿಟ್ಟ ಮಳೆಯೇ ಅಲ್ಲಿ ಬುಗ್ಗೆಯಾಗಿ ಚಿಮ್ಮುತ್ತದೆ ಎಂದು ತಿಳಿದ ಮೇಲೆ ಕೈಮುಗಿಯಲು ಇನ್ನೊಂದು ಕಾರಣ ಸಿಕ್ಕಂತಾಯಿತು.

ನೆತ್ತಿಯನ್ನು ಕೆಡಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಗಂಗಾಮೂಲಕ್ಕೆ ಸಮೀಪದ ಕುದುರೆಮುಖದಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ತೆಗೆದರು. ಮಳೆಗಾಲದಲ್ಲಿ ಭದ್ರೆಗೆ ಹೂಳು ಸೇರಿತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಇನ್ನೊಂದು ಕಡೆ, ಹುಲಿಕಲ್ಲಿನ ಆಸುಪಾಸಿನ ಕುಂಚಿಕಲ್ ಅಬ್ಬಿ ದೇಶದ ಅತಿ ಎತ್ತರದ ಜಲಪಾತಗಳ ಸಾಲಿನಲ್ಲಿ ಹೆಸರು ಪಡೆದದ್ದು. ವಾರಾಹಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯಲು ತೊಡಗಿದ ಮೇಲೆ ಅದು ಮಳೆಗಾಲಕ್ಕೆ ಮಾತ್ರ ಸೀಮಿತವಾಯಿತು. ನಮ್ಮ ಮನೆಗಳ ದೀಪಕ್ಕಾಗಿ ಕೊಟ್ಟ ಬೆಲೆ ಅದು.

ನಿಂತ ನೀರಿನ ಎದುರು

ಸಿರಿಮನೆ ನೋಡಿ, ಹರಿಹರಪುರದಲ್ಲಿ ತುಂಗೆಯನ್ನು ಮಾತನಾಡಿಸಿ, ಕೊಪ್ಪದ ಮೂಲಕ ಸಂಜೆಗೆ ನರಸಿಂಹರಾಜಪುರ ತಲುಪುವುದು ಈ ಒಂದು ದಿನದ ಯಾತ್ರೆಗೆ ತಕ್ಕ ಕೊನೆ. ಯೆಡೇಹಳ್ಳಿ ಎಂಬುದು ಈ ಊರಿನ ಹಳೆಯ ಹೆಸರು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಗೌರವಾರ್ಥ ಈಗಿನ ಹೆಸರು ಬಂತು. ಕೊಪ್ಪ ತುಂಗೆ, ಭದ್ರೆಗಳ ನಡುವಿನ ಊರಾದರೆ, ಇದು ಭದ್ರೆಯ ಕಡೆಯ ಊರು. ಕುದುರೆಮುಖದಿಂದ ಇಳಿದು, ಕಳಸ, ಬಾಳೆಹೊನ್ನೂರು ದಾಟಿ ಬಂದ ಭದ್ರೆಯನ್ನು ಲಕ್ಕವಳ್ಳಿಯ ಅಣೆಕಟ್ಟು 186 ಅಡಿಯ ಮಟ್ಟದವರೆಗೆ ಹಿಡಿದು ನಿಲ್ಲಿಸುತ್ತದೆ. ಆ ಹಿನ್ನೀರು ಈ ಊರಿನವರೆಗೂ ಚಾಚಿದೆ.

ಮುಳುಗುವ ಹೊತ್ತಿನ ಸೂರ್ಯನ ಬೆಳಕಿನಲ್ಲಿ ಹಿನ್ನೀರು ಸುಂದರವಾಗಿಯೇ ಕಾಣುತ್ತದೆ. ಆದರೆ ಆ ನೀರಿನ ಅಡಿಯಲ್ಲಿ ಗದ್ದೆ, ತೋಟ, ಮನೆಗಳಿದ್ದವು. ಅವುಗಳನ್ನು ಬಿಟ್ಟು ಎದ್ದುಹೋದ ಕುಟುಂಬಗಳಿದ್ದವು. ಅವರ ನೆಲದ ಮೇಲೆ ನಿಂತ ನೀರೇ ಕಾಲುವೆಗಳಲ್ಲಿ ಹರಿದು ಭದ್ರಾವತಿ, ದಾವಣಗೆರೆ ಸೀಮೆಯ ಭತ್ತವಾಗುತ್ತದೆ, ಅಡಿಕೆಯಾಗುತ್ತದೆ. ಬೆಟ್ಟದ ಮೇಲೆ ಕ್ಷಣಮಾತ್ರದಲ್ಲಿ ಬಿದ್ದು ಹೋಗುವ ನೀರಿಗೂ, ಇಲ್ಲಿ ತಿಂಗಳುಗಟ್ಟಲೆ ಕಾಯುವ ನೀರಿಗೂ ಮೂಲ ಒಂದೇ ಮಳೆ. ಪ್ರವಾಸಿಗರು ಹಳ್ಳಕ್ಕೆ ಎಸೆಯುವ ಬಾಟಲಿ, ಪ್ಲಾಸ್ಟಿಕ್ ಚೀಲಗಳೂ ಅದೇ ಮಳೆಯೊಡನೆ ಕೆಳಗೆ ಬರುತ್ತವೆ. ಅಬ್ಬಿಗೆ ಹೋಗುವವರು ತಂದದ್ದನ್ನು ತಿರುಗಿ ಒಯ್ದರೆ, ಆ ನೀರನ್ನು ಕುಡಿಯುವ ಕೆಳಗಿನ ಊರಿನವರಿಗೆ ಅಷ್ಟು ಉಪಕಾರ ಮಾಡಿದಂತೆ.